ಎಪ್ಪತ್ತೆರಡರಲ್ಲೊಂದು ಪಾಲಿನ ಮಾರುತ್

ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 9 ಮೀಟರ್. 1:72ರ ಅಳತೆಗೆ ಇಳಿಸಿದಾಗ ಅದು 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲದ ವಸ್ತುವಾಗುತ್ತದೆ. ಸ್ಪಿಟ್‌ಫೈರ್ ಅಥವಾ ಮಸ್ಟಾಂಗ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಟ್ಟಬೇಕೆನ್ನುವವರಿಗೆ ಏರ್‌ಫಿಕ್ಸ್, ಟಾಮಿಯಾ, ರೆವೆಲ್ ಮುಂತಾದ ಕಂಪನಿಗಳು ಒಂದಕ್ಕಿಂತ ಒಂದು ಚೆನ್ನಾಗಿರುವ ಕಿಟ್‌ಗಳನ್ನು ಕೊಟ್ಟಿವೆ. ಬೆಂಗಳೂರಿನಲ್ಲಿಯೇ ರೂಪುಗೊಂಡು, ಬೆಂಗಳೂರಿನ ಆಕಾಶದಲ್ಲಿಯೇ ಮೊದಲು ಹಾರಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದ ಮಾರುತ್‌ಗೆ ಅಂಥ ಭಾಗ್ಯವಿಲ್ಲ. ಅದನ್ನು ಕಟ್ಟಲು ಹೊರಡುವವರು ಸಣ್ಣ ತಯಾರಕರು ಕಡಿಮೆ ಸಂಖ್ಯೆಯಲ್ಲಿ ಮಾಡಿದ ಕಿಟ್‌ಗಳನ್ನು ಹುಡುಕಬೇಕು, ಇಲ್ಲವೇ ನಕ್ಷೆಯನ್ನು ಮುಂದಿಟ್ಟುಕೊಂಡು ಮೊದಲಿನಿಂದ ತಾವೇ ಮಾಡಬೇಕು. ನನ್ನ ಕೈಗೆ ಬಂದದ್ದು ಹಳೆಯದೊಂದು ವ್ಯಾಕ್ಯೂಮ್‌ಫಾರ್ಮ್ ಕಿಟ್. ಅಂದರೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದು ಆಕಾರ ಬರಿಸಿದ್ದು. ಎರಡು ಬಿಳಿ ಹಾಳೆಗಳ ಮೇಲೆ ವಿಮಾನದ ಉಬ್ಬುಗಳು ಮಾತ್ರ ಇರುತ್ತವೆ. ಉಳಿದುದೆಲ್ಲ ಕಟ್ಟುವವನ ಪಾಲಿಗೆ.

ಈ ವಿಮಾನದ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾದರಿ ಕಟ್ಟುವವರು ‘ಡೀಟೇಲಿಂಗ್’ ಎಂದು ಕರೆಯುವ ಸೂಕ್ಷ್ಮ ಕೆಲಸದಲ್ಲಿ, ಅಂದರೆ ತಂತಿ, ರಿವೆಟ್, ಸೀಟು ಬೆಲ್ಟು, ಮಸಿ, ಧೂಳುಗಳಲ್ಲಿ ಮಾರುತ್ ಸಿಗುವುದಿಲ್ಲ. ಅದು ಸಿಗುವುದು ಒಡಲಿನ ಸೊಂಟದಲ್ಲಿ, ಅಂದರೆ ರೆಕ್ಕೆ ಸೇರುವ ಕಡೆ ಒಡಲು ಸಪೂರವಾಗುವಲ್ಲಿ. ಸೊಂಟ ಸರಿಬಾರದಿದ್ದರೆ ಉಳಿದ ಯಾವ ಕುಸುರಿಯೂ ಅದನ್ನು ಮಾರುತ್ ಮಾಡಲಾರದು.

ಅದಕ್ಕೆ ಕಾರಣ ವಿಮಾನದ ಹುಟ್ಟಿನಲ್ಲಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಫಾಕ್-ವುಲ್ಫ್ 190 ವಿಮಾನವನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಜರ್ಮನ್ ಎಂಜಿನಿಯರುಗಳ ತಂಡದೊಂದಿಗೆ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ (ಈಗಿನ ಎಚ್‌ಎಎಲ್) ಈ ವಿನ್ಯಾಸವನ್ನು ಕೈಗೆತ್ತಿಕೊಂಡರು. ಮೊದಲು ಪೂರ್ಣ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿ, 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದೊಯ್ದು ಹಾರಿಸಿ ನೋಡಿದರು. (ಮಾರುತ್‌ನ ಮೊದಲ ಮಾದರಿಯೂ ಒಂದರ್ಥದಲ್ಲಿ ಬಡಗಿಯ ಕೈಕೆಲಸವೇ ಎಂಬುದು ನಮ್ಮಂಥ ಹವ್ಯಾಸಿಗಳಿಗೆ ಸಮಾಧಾನ ಕೊಡುವ ಸಂಗತಿ.) 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಎಂಜಿನ್ ಸಹಿತ ವಿಮಾನವನ್ನು ಮೊದಲ ಬಾರಿ ಹಾರಿಸಿದರು. ಹಳೆಯ ಮದ್ರಾಸ್ ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿನ್ನೆಲೆ ಗೊತ್ತಿದೆಯೋ ಕಾಣೆ. 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿಯೇ ಅವರು ಪ್ರಾಣ ಕಳೆದುಕೊಂಡರು.

ಟ್ಯಾಂಕ್ ಅವರ ಲೆಕ್ಕಾಚಾರವೆಲ್ಲ ಶಬ್ದದ ವೇಗವನ್ನು ಮೀರಿ ಹಾರುವ ವಿಮಾನಕ್ಕಾಗಿ ಹಾಕಿದ್ದು. ಶಬ್ದವೇಗದ ಆಸುಪಾಸಿನಲ್ಲಿ ವಿಮಾನವನ್ನು ತಡೆಯುವ ಗಾಳಿಯ ಎಳೆತವು, ಮೂತಿಯಿಂದ ಬಾಲದವರೆಗೆ ಅದರ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಎಷ್ಟು ನಯವಾಗಿ ಏರಿಳಿಯುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ ಎಂದು ಅಮೆರಿಕದ ರಿಚರ್ಡ್ ವಿಟ್‌ಕಂಬ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿದ್ದರು. ರೆಕ್ಕೆ ಒಡಲನ್ನು ಸೇರುವ ಕಡೆ ವಿಸ್ತೀರ್ಣ ಒಮ್ಮೆಲೇ ಹೆಚ್ಚುವುದರಿಂದ, ಅಷ್ಟನ್ನು ಒಡಲಿನಿಂದ ಕಳೆದು ಅಲ್ಲಿ ಅದನ್ನು ಸಣ್ಣದು ಮಾಡಬೇಕು. ರೆಕ್ಕೆ ಮುಗಿದ ಮೇಲೆ ಒಡಲು ಮತ್ತೆ ತುಂಬಿಕೊಳ್ಳಬೇಕು. ಮೇಲಿನಿಂದ ನೋಡಿದರೆ ಹಳೆಯ ಕೋಕಾ-ಕೋಲಾ ಬಾಟಲಿಯಂತೆ ಕಾಣುವ ಈ ಆಕಾರ ಮಾರುತ್‌ನಲ್ಲಿ ಎದ್ದು ಕಾಣುತ್ತದೆ. ಆದರೆ ಇದಕ್ಕೆಂದು ಎಣಿಸಿದ್ದ, ಆಫ್ಟರ್‌ಬರ್ನರ್ (ಹೊರಬರುವ ಬಿಸಿಗಾಳಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಸಾಧನ) ಇರುವ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ. ಬ್ರಿಟನ್ ಅದರ ಅಭಿವೃದ್ಧಿಯನ್ನು ಕೈಬಿಟ್ಟಿತು, ಅದರ ವೆಚ್ಚವನ್ನು ಭರಿಸಲು ನಮ್ಮ ಸರ್ಕಾರ ಮುಂದಾಗಲಿಲ್ಲ. ಪುಟ್ಟ ನ್ಯಾಟ್ ವಿಮಾನದಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಆರ್ಫಿಯಸ್‌ನ ಸೋದರ ರೂಪವಾದ, ತಲಾ ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703 ಎಂಜಿನ್‌ಗಳು ಎರಡನ್ನು ಜೋಡಿಸಿ ಮಾರುತ್ ತೃಪ್ತಿಪಟ್ಟಿತು. ಎರಡು ಪಟ್ಟು ಶಬ್ದವೇಗದ ಕನಸಿಗೆ ಹೊಲಿದ ಅಂಗಿಯನ್ನು ಕೊನೆಯವರೆಗೂ ಅದಕ್ಕಿಂತ ಬಹಳ ನಿಧಾನವಾಗಿ ಹಾರುವ ವಿಮಾನ ತೊಟ್ಟಿತು. ಮಾದರಿ ಕಟ್ಟುವವನಿಗೆ ಎಂಜಿನ್ನಿನ ಚಿಂತೆಯಿಲ್ಲ. ಟ್ಯಾಂಕ್ ಬರೆದ ಗೆರೆ ಮಾತ್ರ ಅವನ ಪಾಲಿಗಿದೆ, ಆ ಗೆರೆಗೆ ಅವನು ನಿಷ್ಠನಾಗಿರಬೇಕು.

ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ನಮ್ಮ ಸೋದರಮಾವ, ನಾನು ನಕ್ಷೆಯ ಪಕ್ಕನೋಟದ ಮೇಲೆ ಅಳತೆಪಟ್ಟಿ ಇಟ್ಟುಕೊಂಡು ಕೂತದ್ದನ್ನು ಕಂಡು, “ಪಕ್ಕದಿಂದ ಏನ್ ನೋಡ್ತೀಯೋ, ಮೇಲಿಂದ ನೋಡು. ಆಗ್ಲೇ ಅದರ ಅಂದ ಗೊತ್ತಾಗೋದು” ಎಂದರು. ಆದರೆ ನಮಗೆ ಸಿಗುವ ಮಾರುತ್ ಚಿತ್ರಗಳಲ್ಲಿ ಬಹುಪಾಲು ನೆಲದ ಮೇಲೆ ನಿಂತವರು ಪಕ್ಕದಿಂದ ತೆಗೆದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿಯೂ, ಎಚ್‌ಎಎಲ್‌ನ ಸ್ವಂತ ವಸ್ತುಸಂಗ್ರಹಾಲಯದಲ್ಲಿಯೂ ನಿಜವಾದ ಮಾರುತ್ ಇದೆ. ಅಲ್ಲಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ ಒಂದು ಮಾತು: ಮೊಬೈಲ್ ಹಿಡಿದು ವಿಮಾನದ ಬುಡದಲ್ಲಿ ನಿಂತು ತೆಗೆದ ಚಿತ್ರ ಆಕಾರದ ಅಧ್ಯಯನಕ್ಕೆ ಪ್ರಯೋಜನವಿಲ್ಲ. ಅಗಲ ನೋಟದ ಲೆನ್ಸು ಹತ್ತಿರದ ಮೂತಿಯನ್ನು ಹಿಗ್ಗಿಸಿ ದೂರದ ಬಾಲವನ್ನು ಕುಗ್ಗಿಸಿಬಿಡುತ್ತದೆ. ಸಾಧ್ಯವಾದಷ್ಟು ಹಿಂದಕ್ಕೆ ಸರಿದು, ಜೂಮ್ ಮಾಡಿ, ವಿಮಾನದ ಉದ್ದಕ್ಕೆ ಲಂಬವಾಗಿ ನಿಂತು ತೆಗೆಯಬೇಕು. ಹತ್ತಿರದ ಚಿತ್ರಗಳು ಬೇಕಾಗುವುದು ಚಕ್ರದ ಗುಂಡಿ, ಮುಚ್ಚಳ, ತಿರುಪು, ಕೊಳವೆಗಳಿಗಾಗಿ. ಇನ್ನು ಬಣ್ಣಕ್ಕಾಗಿಯಂತೂ ವಸ್ತುಸಂಗ್ರಹಾಲಯದ ವಿಮಾನವನ್ನು ನಂಬಬಾರದು. ಬಿಸಿಲು ಮಳೆಯಲ್ಲಿ ನಿಂತ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಬಳಿಯುವವರಿಗೆ 1971ರ ಹಸಿರು ಯಾವುದಿತ್ತು ಎಂಬುದು ಮುಖ್ಯವಾಗಿರುವುದಿಲ್ಲ.

ವ್ಯಾಕ್ಯೂಮ್‌ಫಾರ್ಮ್ ಕಿಟ್‌ನಲ್ಲಿ ಒಡಲು ಎಡ, ಬಲ ಎಂದು ಎರಡು ಹೋಳಾಗಿರುತ್ತದೆ. ಪ್ರತಿ ಹೋಳಿನ ಸುತ್ತ, ಅದು ಹಾಳೆಯನ್ನು ಸೇರುವ ಮೂಲೆಯಲ್ಲಿ, ಸಪೂರ ಪೆನ್ಸಿಲಿನಿಂದ ಗೆರೆ ಎಳೆದು, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಗೀಚಿದರೆ, ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಹೋಳನ್ನು ಬಿಡಿಸಬಹುದು. ಪೂರ್ತಿ ಕತ್ತರಿಸುವ ಅಗತ್ಯವಿಲ್ಲ. ಬಿಡಿಸಿದ ಹೋಳಿನ ಅಂಚಿಗೆ ಇನ್ನೂ ಹಾಳೆಯ ದಪ್ಪ ಅಂಟಿಕೊಂಡಿರುತ್ತದೆ, ಸುಮಾರು ಒಂದು ಮಿಲಿಮೀಟರಿನಷ್ಟು. ಗಾಜಿನ ಹಲಗೆಯ ಮೇಲೆ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ, ಹೋಳನ್ನು ವರ್ತುಲಾಕಾರದಲ್ಲಿ ಉಜ್ಜುತ್ತ ಆ ದಪ್ಪವನ್ನು ತೆಗೆಯಬೇಕು. ಪೆನ್ಸಿಲ್ ಗೆರೆಯೇ ಇಲ್ಲಿ ಗಡಿಕಲ್ಲು: ಗೆರೆಯ ಹೊರಗಿನ ಪ್ಲಾಸ್ಟಿಕ್ ಎಳೆಯಷ್ಟು ತೆಳುವಾಗಿ ಸುರುಳಿ ಸುತ್ತಿಕೊಂಡು ಉದುರಲು ಶುರುವಾದರೆ ಅಲ್ಲಿಗೆ ನಿಲ್ಲಿಸಬೇಕು.

ಮಾರುತ್‌ನ ಪರೀಕ್ಷೆ ನಿಜವಾಗಿ ನಡೆಯುವುದು ಈ ಉಜ್ಜುವ ಹಲಗೆಯ ಮೇಲೆ. ಎಡ-ಬಲ ಹೋಳುಗಳನ್ನು ಹೆಚ್ಚು ಉಜ್ಜಿದರೆ ಒಡಲಿನ ಎತ್ತರ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಅಗಲ ಮಾತ್ರ ತಗ್ಗುತ್ತದೆ. ಸೊಂಟ ಇರುವುದು ಆ ಅಗಲದಲ್ಲಿಯೇ. ಒಂದೊಂದು ಹೋಳಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚು ಸವೆದರೆ ನಿಜ ವಿಮಾನದಲ್ಲಿ 72 ಮಿಲಿಮೀಟರ್ ಕಡಿಮೆಯಾದಂತೆ. ಅದೂ ಎಲ್ಲ ಕಡೆ ಒಂದೇ ಸಮ ಸವೆದರೆ ಕಣ್ಣಿಗೆ ಅಷ್ಟಾಗಿ ಕಾಣದು. ಬೆರಳಿನ ಒತ್ತಡ ನಡುವೆ ಹೆಚ್ಚಾಗಿ ತುದಿಗಳಲ್ಲಿ ಕಡಿಮೆಯಾದರೆ ಸೊಂಟದ ಏರಿಳಿತವೇ ಬದಲಾಗುತ್ತದೆ. ಹಾಗಾಗಿ ಹೋಳಿನ ಬೆನ್ನಿಗೆ ಅಗಲವಾದ ಅಂಟುಪಟ್ಟಿಯಿಂದ ಎರಡು ಹಿಡಿಗಳನ್ನು ಮಾಡಿಕೊಂಡು, ಅವುಗಳನ್ನು ಹಿಡಿದೇ ಉಜ್ಜುವುದು ಲೇಸು. ನಕ್ಷೆಯಲ್ಲಿ ಒಡಲಿನ ಅಡ್ಡಕೊಯ್ತಗಳು ಗುರುತಾಗಿರುವ ಕಡೆಗಳಿಗೆಲ್ಲ ತೆಳು ರಟ್ಟಿನಲ್ಲಿ ಆ ಆಕಾರದ ಕಂಡಿಗಳನ್ನು ಕತ್ತರಿಸಿಟ್ಟುಕೊಂಡಿದ್ದೆ. ಜೋಡಿಸಿದ ಒಡಲಿಗೆ ರಟ್ಟನ್ನು ಹೊಂದಿಸಿ ಕಿಟಕಿಯ ಬೆಳಕಿಗೆ ಹಿಡಿದರೆ, ಬೆಳಕು ನುಸುಳುವಲ್ಲಿ ತಗ್ಗು, ರಟ್ಟು ತಡೆದು ನಿಲ್ಲುವಲ್ಲಿ ಉಬ್ಬು. ತಗ್ಗಿಗೆ ಪುಟ್ಟಿ, ಉಬ್ಬಿಗೆ ವಾಟರ್ ಪೇಪರ್. ರೆಕ್ಕೆಯ ಬುಡದಲ್ಲಿ ಈ ಕೆಲಸ ಬೇಸರ ಬರುವಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲೂ ಬೇಕು. ಹೋಳುಗಳನ್ನು ಕೂಡಿಸುವ ಮುನ್ನ ಒಳಗೆ ಪ್ಲಾಸ್ಟಿಕ್ ಹಾಳೆಯ ಅಡ್ಡಗೋಡೆಗಳನ್ನು ನಿಲ್ಲಿಸಿದರೆ, ಮುಂದೆ ಹಿಡಿತದ ಒತ್ತಡಕ್ಕೆ ಒಡಲು ಒಳಗೆ ಕುಸಿಯದು.

ಆಕಾರ ನಿಂತ ಮೇಲೆ ಹೊರಮೈಯ ಹಾಳೆಗಳ ಕೂಡುಗೆರೆಗಳು. ಈಚಿನ ಮಾದರಿಗಾರರಿಗೆ ಈ ಗೆರೆಗಳ ಮೇಲೆ ವಿಪರೀತ ಮೋಹ; ಪ್ರತಿ ಗೆರೆಯನ್ನೂ ಆಳವಾಗಿ ಕೊರೆದು, ಅದರೊಳಗೆ ಕಪ್ಪು ಬಣ್ಣ ಹರಿಸಿ, ವಿಮಾನಕ್ಕೆ ಮೈತುಂಬ ಬಲೆ ಹೊದಿಸಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಮಾದರಿಯ ಮೇಲೆ 0.2 ಮಿಲಿಮೀಟರ್ ಅಗಲದ ಗೆರೆ ಎಂದರೆ ನಿಜ ವಿಮಾನದಲ್ಲಿ 14 ಮಿಲಿಮೀಟರಿಗಿಂತ ಹೆಚ್ಚಿನ ಸಂದು. ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡ ಜೆಟ್ ವಿಮಾನ ಯಾವ ದೇಶದಲ್ಲಿಯೂ ಹಾರಿಲ್ಲ. ನಾನು ಸೂಜಿಯನ್ನು ಪಿನ್‌ವೈಸಿಗೆ (ಸೂಜಿ, ಸಣ್ಣ ಡ್ರಿಲ್ ಹಿಡಿಯುವ ಕೈಹಿಡಿಗೆ) ಸಿಕ್ಕಿಸಿ, ದಪ್ಪ ಅಂಟುಪಟ್ಟಿಯ ಆಸರೆಯಲ್ಲಿ, ತೆಗೆದು ಹಾಕುವ ಮುಚ್ಚಳಗಳ ಅಂಚುಗಳನ್ನೂ ಚಲಿಸುವ ಭಾಗಗಳನ್ನೂ ಮಾತ್ರ ತುಸು ಸ್ಪಷ್ಟವಾಗಿ ಗೀಚಿ, ಉಳಿದವನ್ನು ಪೆನ್ಸಿಲಿನ ಗುರುತಿಗಿಂತ ಆಳಕ್ಕೆ ಇಳಿಸಲಿಲ್ಲ. ರಿವೆಟ್‌ಗಳನ್ನು ಪೂರ್ತಿ ಬಿಟ್ಟೆ. ಐದು ಮಿಲಿಮೀಟರಿನ ರಿವೆಟ್ ತಲೆ ಈ ಅಳತೆಯಲ್ಲಿ 0.07 ಮಿಲಿಮೀಟರ್ ಆಗುತ್ತದೆ. ಅದನ್ನು ತೋರಿಸುವುದೆಂದರೆ ಇಲ್ಲದ್ದನ್ನು ಹೇಳುವುದು.

ಮೂತಿಯ ಎರಡೂ ಬದಿಗೆ ಎರಡೆರಡರಂತೆ ನಾಲ್ಕು 30 ಮಿಲಿಮೀಟರಿನ ಏಡನ್ ಫಿರಂಗಿಗಳಿವೆ. ನಾಲ್ಕನ್ನೂ ಒಮ್ಮೆಗೇ ಹಾರಿಸಿದಾಗ ಆಗುತ್ತಿದ್ದ ಅದುರಾಟ ಈ ವಿಮಾನವನ್ನು ಬಹುಕಾಲ ಕಾಡಿತು. ಕಿಟ್ ಇವುಗಳಿಗೆ ಕೊಟ್ಟದ್ದು ನಾಲ್ಕು ಅಸ್ಪಷ್ಟ ಗುಳಿಗಳನ್ನು. 30 ಮಿಲಿಮೀಟರನ್ನು 72ರಿಂದ ಭಾಗಿಸಿದರೆ ಸುಮಾರು 0.42, ಔಷಧದ ಅಂಗಡಿಯಲ್ಲಿ ಸಿಗುವ 22 ಗೇಜಿನ ಇಂಜೆಕ್ಷನ್ ಸೂಜಿಯ ಒಳವ್ಯಾಸವೂ ಹೆಚ್ಚು ಕಡಿಮೆ ಅಷ್ಟೇ. ಸೂಜಿಯನ್ನು ಇಕ್ಕಳದಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ನುಣುಪು ಅರದಿಂದ ಸುತ್ತಲೂ ಗೀರಿ, ಗೀರಿದಲ್ಲಿ ಮುರಿದು, ತುದಿಯನ್ನು ಕಲ್ಲಿಗೆ ಉಜ್ಜಿದರೆ ದುಂಡು ಬಾಯಿ ಉಳಿಯುತ್ತದೆ. ಗುಳಿಗಳನ್ನು ಕೈ ಡ್ರಿಲ್ಲಿನಿಂದ ಕೊರೆದು ಸೂಜಿಯ ತುಂಡುಗಳನ್ನು ಒಳಗೆ ಕೂರಿಸಿ ಫೆವಿಕ್ವಿಕ್ ಹನಿ ಬಿಟ್ಟೆ. ಮೂತಿಯ ಹಿಂದೆ, ಹೊಟ್ಟೆಯ ಕೆಳಗೆ, 68 ಮಿಲಿಮೀಟರಿನ 50 ರಾಕೆಟ್‌ಗಳ ಪೆಟ್ಟಿಗೆಯೊಂದು ಒಳಗೆ ಮಡಚಿಕೊಂಡಿರುತ್ತದೆ. ಅದನ್ನು ಇಳಿಸಿ ತೋರಿಸುವ ಆಸೆ ಯಾರಿಗೂ ಆಗುತ್ತದೆ. ಆದರೆ ನೆಲದ ಮೇಲೆ ಚಕ್ರ ಊರಿ ನಿಂತ ವಿಮಾನದಲ್ಲಿ ಅದು ಮುಚ್ಚಿರುವುದೇ ಸಹಜವೆಂದು ಅದರ ಬಾಗಿಲಿನ ಗೆರೆಯನ್ನಷ್ಟೇ ಗೀಚಿದೆ.

ಗಾಳಿ ಎಳೆದುಕೊಳ್ಳುವ ಬಾಯಿಗಳು ಒಡಲಿನ ಎರಡೂ ಮಗ್ಗುಲಲ್ಲಿ ಅರ್ಧಚಂದ್ರಾಕಾರವಾಗಿದ್ದು, ಪ್ರತಿಯೊಂದರ ಒಳಗೆ ಅರ್ಧ ಶಂಕುವೊಂದು ಮೂತಿ ಚಾಚಿರುತ್ತದೆ. ವ್ಯಾಕ್ಯೂಮ್‌ಫಾರ್ಮ್ ಪ್ಲಾಸ್ಟಿಕ್‌ನ ತುಟಿ ದಪ್ಪ. ಅದನ್ನು ಒಳಗಿನಿಂದ ಕೆತ್ತಿ, ಅಂಚು ಬೆಳಕಿಗೆ ತುಸು ಪಾರದರ್ಶಕವಾಗಿ ಕಾಣುವವರೆಗೆ ತೆಳುಗೊಳಿಸಬೇಕು. ಶಂಕುಗಳಿಗೆ ದಪ್ಪ ಪ್ಲಾಸ್ಟಿಕ್ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ತಿರುಗಿಸುತ್ತ ಮರಳುಪಟ್ಟಿಯಿಂದ ಚೂಪು ಮಾಡಿ, ಉದ್ದಕ್ಕೆ ಎರಡಾಗಿ ಸೀಳಿಕೊಂಡೆ. ಹೀಗೆ ಮಾಡಿದರೆ ಎಡ-ಬಲ ಎರಡೂ ಒಂದೇ ಕೋನದವಾಗುತ್ತವೆ. ಹಿಂದಿನ ಜೋಡಿ ಹೊಗೆಕೊಳವೆಗಳಿಗೆ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯನ್ನು ಡ್ರಿಲ್ ಬಿಟ್ಟಿನ ಹಿಂಬದಿಗೆ ಸುತ್ತಿದ್ದೇನೆ. ಯಾವ ಬಣ್ಣಕ್ಕಿಂತಲೂ ಲೋಹವೇ ಚೆನ್ನಾಗಿ ಲೋಹದಂತೆ ಕಾಣುತ್ತದೆ.

ಕಾಕ್‌ಪಿಟ್ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮುಚ್ಚಿದ ಕೆನೋಪಿಯ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಒಳಗೆ ಕಾಣುವುದು ಸೀಟಿನ ತಲೆಭಾಗ ಮತ್ತು ಗುರಿ ನೋಡುವ ಗನ್‌ಸೈಟ್ ಮಾತ್ರ. ಮಾರ್ಟಿನ್-ಬೇಕರ್ ಸೀಟಿನ ತಲೆಯ ಮೇಲೆ ಹಳದಿ-ಕಪ್ಪು ಪಟ್ಟೆಗಳ ಹಿಡಿ ಇರುತ್ತದೆ. ಪೈಲಟ್ ಅದನ್ನು ಮುಖದ ಮುಂದೆ ಕೆಳಕ್ಕೆ ಎಳೆದರೆ ಸೀಟು ಹೊರಗೆ ಚಿಮ್ಮುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಸಪೂರ ತಾಮ್ರದ ತಂತಿಯನ್ನು ಬಾಗಿಸಿ ಆ ಹಿಡಿ ಮಾಡಿ, ಹಳದಿ ಬಳಿದು, ಒಣಗಿದ ಮೇಲೆ ಅತ್ಯಂತ ಸಣ್ಣ ಮೊನೆಯ ಪೆನ್ನಿನಿಂದ ಕಪ್ಪು ಗೀರು ಹಾಕಿದೆ. ಕಡು ಬಣ್ಣದ ಕಾಕ್‌ಪಿಟ್‌ನಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೂತಿಯೊಳಗೆ ಗಾಳದ ಸೀಸದ ಗುಂಡುಗಳನ್ನು ತುಂಬುವುದನ್ನು ಯಾರೂ ಮರೆಯಬಾರದು, ಇಲ್ಲದಿದ್ದರೆ ಮುಂಚಕ್ರ ಮೇಲೆತ್ತಿ ವಿಮಾನ ಬಾಲದ ಮೇಲೆ ಕೂರುತ್ತದೆ.

ಬಣ್ಣಕ್ಕೆ ಮುನ್ನ ಒಂದು ಕಾಲವನ್ನು ಗೊತ್ತುಮಾಡಿಕೊಳ್ಳಬೇಕಿತ್ತು. ನಾನು ಆರಿಸಿಕೊಂಡದ್ದು 1971ರ ಡಿಸೆಂಬರ್. ರಾಜಸ್ಥಾನದ ಗಡಿಠಾಣೆ ಲೋಂಗೇವಾಲಾದ ಕದನ ಎಂದೊಡನೆ ಎಲ್ಲರೂ ಹಂಟರ್ ವಿಮಾನಗಳನ್ನು ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ಆ ಎರಡು ವಾರಗಳಲ್ಲಿ ವಾಯುಪಡೆಯ 10 ಮತ್ತು 220ನೆಯ ಸ್ಕ್ವಾಡ್ರನ್‌ಗಳ ಮಾರುತ್‌ಗಳು ರಾಜಸ್ಥಾನ-ಸಿಂಧ್ ರಂಗದಲ್ಲಿ 300ಕ್ಕೂ ಹೆಚ್ಚು ಬಾರಿ ದಾಳಿಗೆ ಹಾರಿದವು. ನೆಲದಿಂದ ಹಾರಿಸಿದ ಗುಂಡುಗಳಿಗೆ ಕೆಲವು ಬಲಿಯಾದರೂ, ಎದುರಾಳಿ ವಿಮಾನಗಳೊಂದಿಗಿನ ಕಾದಾಟದಲ್ಲಿ ಒಂದೂ ಬೀಳಲಿಲ್ಲ. ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರ ಬಲದಲ್ಲಿ ಮರಳಿ ಬಂದ ಮಾರುತ್‌ಗಳಿವೆ. ಮಾರುತ್ ಪೈಲಟ್‌ಗಳಿಗೆ ಮೂರು ವೀರ ಚಕ್ರಗಳು ಸಂದವು.

ಯುದ್ಧ, ಮರುಭೂಮಿ ಎಂದ ಕೂಡಲೇ ಕೈ ಧೂಳಿನ ಬಣ್ಣದ ಡಬ್ಬಿಗೆ ಹೋಗುತ್ತದೆ. ಇಲ್ಲಿ ತಡೆಯಬೇಕು. ಮಾರುತ್ ಸ್ಕ್ವಾಡ್ರನ್‌ಗೆ ಸೇರಿದ್ದು 1967ರಲ್ಲಿ; ಯುದ್ಧದ ಹೊತ್ತಿಗೆ ಅತಿ ಹಳೆಯ ವಿಮಾನಕ್ಕೂ ಹೆಚ್ಚು ವಯಸ್ಸಾಗಿರಲಿಲ್ಲ. ಬಣ್ಣ ಎದ್ದು ಬೆಳ್ಳಿ ಮೈ ಇಣುಕುವ, ಸವೆದು ಸುಣ್ಣವಾದ ಮಾರುತ್ ಆ ಕಾಲದ್ದಲ್ಲ. ಮೇಲೆ ಕಡುಹಸಿರು ಮತ್ತು ಮಣ್ಣುಕಂದು, ಕೆಳಗೆ ತಿಳಿಬೂದು ಎಂಬುದು ನಾನು ಅನುಸರಿಸಿದ ಕ್ರಮ. ಬ್ರಿಟಿಷ್ ವಿಮಾನಗಳಿಗೆಂದು ಮಾರುವ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಅರ್ತ್ ಡಬ್ಬಿಗಳು ಇದಕ್ಕೆ ಸಮೀಪವಾಗುತ್ತವೆ; ಆದರೆ ಇಷ್ಟು ಸಣ್ಣ ವಸ್ತುವಿನ ಮೇಲೆ ಮೂಲ ಬಣ್ಣ ಹಾಗೆಯೇ ಹಾಕಿದರೆ ಕಪ್ಪಿಟ್ಟಂತೆ ಕಾಣುವುದರಿಂದ ತಿಳಿಬೂದನ್ನು ಒಂದೆರಡು ಹನಿ ಬೆರೆಸಿ ಏರ್‌ಬ್ರಷ್ ಹಿಡಿದೆ. ಮಸಿಯನ್ನು ಫಿರಂಗಿಯ ಬಾಯಿಗಳ ಹಿಂದೆ, ಧೂಳನ್ನು ಚಕ್ರಗಳ ಮೇಲೆ ಮಾತ್ರ ಇಟ್ಟೆ. ರೆಕ್ಕೆಯಡಿ ಎರಡು ಇಂಧನ ಟ್ಯಾಂಕ್‌ಗಳು ಸಾಕಾದವು. ಬಾಂಬುಗಳನ್ನೂ ತೂಗುಹಾಕಿದರೆ ಸೊಂಟದ ಗೆರೆ ಮರೆಯಾಗುತ್ತದೆ.

ಕೊನೆಯ ತೊಡಕು ರೌಂಡೆಲ್, ಅಂದರೆ ವಾಯುಪಡೆಯ ಗುರುತಿನ ದುಂಡು ಚಿಹ್ನೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮನೆಯ ಪ್ರಿಂಟರ್ ಬಿಳಿ ಬಣ್ಣ ಅಚ್ಚು ಹಾಕುವುದಿಲ್ಲ. ಪಾರದರ್ಶಕ ಡೆಕಾಲ್ ಹಾಳೆಯ (ನೀರಿನಲ್ಲಿ ನೆನೆಸಿ ಚಿತ್ರವನ್ನು ಮಾದರಿಗೆ ಅಂಟಿಸುವ ಹಾಳೆಯ) ಮೇಲೆ ಅಚ್ಚಾದ ಕೇಸರಿ, ಕಡುಹಸಿರು ಮೈಯ ಮೇಲೆ ಕೂತ ಕ್ಷಣವೇ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಡೆಕಾಲ್ ಹಾಳೆ ಬಳಸಿದರೆ ಕೇಸರಿ ಉಳಿಯುತ್ತದೆ, ಆದರೆ ಕತ್ತರಿಸಿದ ಅಂಚಿನಲ್ಲಿ ಬಿಳಿ ಎಳೆ ಇಣುಕುತ್ತದೆ. ನಾನು ಕಂಡುಕೊಂಡ ದಾರಿ ಹೀಗೆ: ರೌಂಡೆಲ್ ಕೂರುವ ಜಾಗದಲ್ಲಿ, ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಬಿಳಿ ವೃತ್ತವನ್ನು ಮಾಸ್ಕಿಂಗ್ ಟೇಪ್ ಕತ್ತರಿಸಿ ಮೊದಲೇ ಬಳಿದು, ಅದರ ಮೇಲೆ ಪಾರದರ್ಶಕ ಡೆಕಾಲ್ ಕೂರಿಸುವುದು. ‘ಬಿಡಿ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಕ್ರಮಸಂಖ್ಯೆ ಕಪ್ಪಾದ್ದರಿಂದ ಅದಕ್ಕೆ ಈ ಪಾಡಿಲ್ಲ. ಎಲ್ಲವನ್ನೂ ಮುಚ್ಚುವ ಮ್ಯಾಟ್ ವಾರ್ನಿಶ್ ಲ್ಯಾಕರ್ ಜಾತಿಯದಾಗಿದ್ದರೆ ಬೆಂಗಳೂರಿನ ಮಳೆಗಾಲದ ಸಂಜೆಯಲ್ಲಿ ಹೊಡೆಯಬಾರದು. ಗಾಳಿಯ ತೇವಕ್ಕೆ ಅದು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನಕ್ಕೆ ಕಾದು ಹೊಡೆದರೆ ಕಡುಹಸಿರು ಕಡುಹಸಿರಾಗಿಯೇ ಉಳಿಯುತ್ತದೆ.

ಮಾರುತ್ ಒಟ್ಟು 147 ತಯಾರಾದವು, ಅವುಗಳಲ್ಲಿ 18 ಎರಡು ಸೀಟಿನ ತರಬೇತಿ ವಿಮಾನಗಳು. ಹೊಟ್ಟೆಯ ರಾಕೆಟ್ ಪೆಟ್ಟಿಗೆಯನ್ನು ತೆಗೆದು, ಆ ಜಾಗದಲ್ಲಿ ಎರಡನೆಯ ಸೀಟನ್ನು ಕೂರಿಸಿದ್ದರಿಂದ ಅವುಗಳ ಒಡಲಿನ ಉದ್ದ ಹೆಚ್ಚಿಸಬೇಕಾಗಲಿಲ್ಲ, ಸೊಂಟವೂ ಕೆಡಲಿಲ್ಲ. ಮುಂದೆ ಅದನ್ನು ಕಟ್ಟುವವನಿದ್ದೇನೆ. ರಟ್ಟಿನ ಕಂಡಿಗಳಲ್ಲಿ ಕೆನೋಪಿಯ ಹಿಂದಿನವೆಲ್ಲ ಅದಕ್ಕೂ ಹೊಂದುತ್ತವೆ.